ಯುದ್ಧದ ನಡುವೆ ಆಸ್ಪತ್ರೆ ನಡೆಸುವುದು: ಒಬ್ಬ ಸ್ಟೋರ್ ಕೀಪರನ ಪಾಠಗಳು

ನಾನು ಡಾಕ್ಟರಲ್ಲ. ಸೂಜಿ ಚುಚ್ಚುವುದನ್ನು ಕಂಡರೆ ಈಗಲೂ ಮುಖ ಆಚೆ ತಿರುಗಿಸುವವನು. ಗದಗ ಜಿಲ್ಲೆಯ ರೋಣದ ಕಡೆಯವನು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಗ್ಲೌಸು, ಸಲೈನು, ಆಕ್ಸಿಜನ್ ಸಿಲಿಂಡರುಗಳ ಲೆಕ್ಕ ಬರೆದುಕೊಂಡಿದ್ದೆ. ಒಂದು ಪರಿಹಾರ ಸಂಸ್ಥೆಗೆ ಅರ್ಜಿ ಹಾಕಿದೆ, ಅವರು ದಕ್ಷಿಣ ಸೂಡಾನಿಗೆ ಕಳಿಸಿದರು.

2011ರ ಜುಲೈ 9ರಂದು ಸ್ವತಂತ್ರವಾದ ಆ ದೇಶದಲ್ಲಿ 2013ರ ಡಿಸೆಂಬರಿನಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಉಪಾಧ್ಯಕ್ಷರಾಗಿದ್ದ ರೀಕ್ ಮಾಚಾರ್ ಅವರ ಜಗಳ ಸೈನ್ಯವನ್ನೇ ಸೀಳಿತು. ಕೆಲವೇ ದಿನಗಳಲ್ಲಿ ಅದು ಡಿಂಕಾ ಮತ್ತು ನುಯೆರ್ ಜನರ ನಡುವಿನ ಕೊಲೆಗಳಿಗೆ ತಿರುಗಿತು. ಅದರ ಬೆನ್ನಿಗೇ ನಾನು ಹೋದದ್ದು. ವೈಟ್ ನೈಲ್ ದಂಡೆಯ ಆ ಊರಿನ ಹೆಸರು ಬರೆಯುವುದಿಲ್ಲ. ಜೊತೆಗೆ ಕೆಲಸ ಮಾಡಿದವರು ಇನ್ನೂ ಅಲ್ಲೇ ಇದ್ದಾರೆ.

ಕೆಳಗಿನ ಪಾಠಗಳಲ್ಲಿ ಬಹುಪಾಲು ನನ್ನ ಎಡವಟ್ಟುಗಳು. ಅವುಗಳ ಬೆಲೆ ತೆತ್ತವರು ಎಷ್ಟೋ ಸಲ ಬೇರೆಯವರು. ಬರೆಯಲು ಕೂತದ್ದು ಅದಕ್ಕೇ.

1. ಆಸ್ಪತ್ರೆ ಎಲ್ಲಿದೆ ಎಂದು ಸರಿಯಾಗಿ ಹೇಳಿ, ಮತ್ತೆ ಮತ್ತೆ ಹೇಳಿ

ಹೋದ ಹೊಸತರಲ್ಲಿ ತಗಡಿನ ಛಾವಣಿಯ ಮೇಲೆ ಸಂಸ್ಥೆಯ ಗುರುತನ್ನು ಆಕಾಶದಿಂದ ಕಾಣುವಷ್ಟು ದೊಡ್ಡದಾಗಿ ಬರೆಸಿದೆ. ಇನ್ನು ಭಯವಿಲ್ಲ ಅಂದುಕೊಂಡೆ. ಅಗ್ಗದ ಬಣ್ಣ, ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದಿತು. ಅದಕ್ಕಿಂತ ದೊಡ್ಡ ತಪ್ಪು ಕಾಗದದ ಮೇಲಿತ್ತು. ಎರಡೂ ಕಡೆಯ ಸೈನ್ಯಗಳಿಗೆ ಆಸ್ಪತ್ರೆಯ ಅಕ್ಷಾಂಶ, ರೇಖಾಂಶ ಕಳಿಸುವುದು ನನ್ನ ಕೆಲಸ. ಡಿಗ್ರಿಯಾದ ಮೇಲೆ ಬರುವ ನಿಮಿಷಗಳನ್ನು ನಾನು ಹಾಗೆಯೇ ದಶಮಾಂಶದಂತೆ ಬರೆದಿದ್ದೆ. 9 ಡಿಗ್ರಿ 40 ನಿಮಿಷ ಅಂದರೆ 9.67; ಅದನ್ನು 9.40 ಎಂದು ಬರೆದರೆ ಆಸ್ಪತ್ರೆ ಸುಮಾರು 30 ಕಿಲೋಮೀಟರು ದಕ್ಷಿಣಕ್ಕೆ ಜಿಗಿಯುತ್ತದೆ. ನಾನು ಎರಡೂ ಸೈನ್ಯಗಳಿಗೆ ದಾಳಿ ಮಾಡಬೇಡಿ ಎಂದು ಬೇಡಿಕೊಂಡದ್ದು ಒಂದು ಜೌಗು ಪ್ರದೇಶದ ಮೇಲೆ. ವಿಮಾನದ ಪೈಲಟ್ ಒಬ್ಬ ನಕ್ಕು ತೋರಿಸಿಕೊಟ್ಟ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಸರಿಯಾಗಿ ಕಳಿಸಿದರೂ ಮುಗಿಯಲಿಲ್ಲ ಎಂದು ಕಲಿಸಿದ್ದು ಕುಂದೂಜ್. ಅಫ್ಘಾನಿಸ್ತಾನದ ಆ ಊರಿನಲ್ಲಿ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ ತನ್ನ ಆಸ್ಪತ್ರೆಯ ಜಾಗವನ್ನು 2015ರ ಸೆಪ್ಟೆಂಬರ್ 29ರಂದು ಮತ್ತೊಮ್ಮೆ ತಿಳಿಸಿತ್ತು. ಅಕ್ಟೋಬರ್ 3ರ ನಸುಕಿನಲ್ಲಿ ಅಮೆರಿಕದ ಎಸಿ-130 ವಿಮಾನ ಅದೇ ಕಟ್ಟಡದ ಮೇಲೆ ಗುಂಡಿನ ಮಳೆ ಸುರಿಸಿತು. ಸತ್ತವರು 42 ಜನ. ಆಸ್ಪತ್ರೆ ದಾಳಿ ನಿಷಿದ್ಧ ಜಾಗಗಳ ಪಟ್ಟಿಯಲ್ಲಿತ್ತು, ಆದರೆ ವಿಮಾನದಲ್ಲಿದ್ದವರ ಕೈಯಲ್ಲಿ ಆ ಪಟ್ಟಿ ಇರಲಿಲ್ಲ ಎಂದು ಅಮೆರಿಕದ ತನಿಖೆಯೇ ಹೇಳಿತು. ಅದಾದ ಮೇಲೆ ನಾನು ಕಾಗದ ಕಳಿಸಿ ಸುಮ್ಮನೆ ಕೂರಲಿಲ್ಲ. ಫೋನು ಮಾಡಿ, ಆ ಕಡೆಯವರಿಂದಲೇ ಅಂಕಿಗಳನ್ನು ಓದಿಸಿ ಕೇಳುತ್ತಿದ್ದೆ. ಕಮಾಂಡರ್ ಬದಲಾದಾಗಲೆಲ್ಲ ಮೊದಲಿನಿಂದ ಶುರು.

2. ಬಂದೂಕು ಗೇಟಿನ ಹೊರಗೇ ಇರಲಿ, ಯಾರದ್ದಾದರೂ ಸರಿ

ಗೇಟಿನ ಮೇಲೆ ಬಂದೂಕಿಗೆ ಅಡ್ಡಗೆರೆ ಎಳೆದ ಚಿತ್ರವಿತ್ತು. ನಿಯಮ ನನಗೂ ಬಾಯಿಪಾಠ. ಆದರೆ ಒಂದು ಮಧ್ಯಾಹ್ನ ದೊಡ್ಡ ಅಧಿಕಾರಿಯೊಬ್ಬರು ಗಾಯಗೊಂಡ ತಮ್ಮ ಅಳಿಯನನ್ನು ನೋಡಲು ಅಂಗರಕ್ಷಕರ ಸಮೇತ ಬಂದರು. ಕೆಟ್ಟ ಮನುಷ್ಯರೇನಲ್ಲ, ನಗುತ್ತಲೇ ಕೈ ಕುಲುಕಿದರು. ನಾನು ಮುಜುಗರಪಟ್ಟು ಒಳಗೆ ಬಿಟ್ಟೆ, ಚಹಾ ಕೂಡ ತರಿಸಿದೆ. ಹತ್ತು ನಿಮಿಷದ ಭೇಟಿ. ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಎಷ್ಟೋ ಹಾಸಿಗೆ ಖಾಲಿ. ಒಬ್ಬ ಹೆಂಗಸು ಡ್ರಿಪ್ಪಿನ ಸೂಜಿಯನ್ನು ತಾನೇ ಕಿತ್ತುಕೊಂಡು, ಮಗುವನ್ನು ಎತ್ತಿಕೊಂಡು ರಾತ್ರಿಯೇ ಹೊರಟುಹೋಗಿದ್ದಳು. ಅವಳು ಬಂದದ್ದು ಆ ಸೈನಿಕರು ಸುಟ್ಟ ಹಳ್ಳಿಯಿಂದ.

ಆಮೇಲೆ ಗೇಟಿನ ಪಕ್ಕ ತಗಡಿನ ಶೆಡ್ಡೊಂದನ್ನು ಹಾಕಿಸಿದೆ. ಔಷಧದ ಡಬ್ಬಿಯ ರಟ್ಟು ಕತ್ತರಿಸಿ ನಂಬರು ಬರೆದೆವು. ಅರ್ಧ ತುಂಡು ಬಂದೂಕಿಗೆ ಕಟ್ಟುವುದು, ಇನ್ನರ್ಧ ಬಂದವನ ಕೈಗೆ ಕೊಡುವುದು. ಧರ್ಮಸ್ಥಳದಲ್ಲೋ ಸವದತ್ತಿಯಲ್ಲೋ ಚಪ್ಪಲಿ ಬಿಟ್ಟು ಟೋಕನ್ ತೆಗೆದುಕೊಂಡ ಹಾಗೆಯೇ. ಮೊದಲ ವಾರ ಬೈಗುಳ, ನಂತರ ಸಾಲು. ದೊಡ್ಡವರಿಗೆ ಒಂದು, ಚಿಕ್ಕವರಿಗೆ ಒಂದು ಎಂಬ ನಿಯಮ ಇರಲಿಲ್ಲವಾದ್ದರಿಂದಲೇ ಅದು ನಡೆಯಿತು.

ಕಾನೂನು ಇಲ್ಲಿ ನನಗಿಂತ ಉದಾರಿ. 1949ರ ನಾಲ್ಕನೆಯ ಜಿನೀವಾ ಒಪ್ಪಂದದ 19ನೆಯ ವಿಧಿಯ ಪ್ರಕಾರ, ಗಾಯಾಳು ಸೈನಿಕರಿಗೆ ಚಿಕಿತ್ಸೆ ಕೊಡುವುದಾಗಲಿ, ಅವರಿಂದ ತೆಗೆದಿಟ್ಟ ಸಣ್ಣ ಶಸ್ತ್ರಗಳು ಇನ್ನೂ ಆಸ್ಪತ್ರೆಯಲ್ಲಿ ಉಳಿದಿರುವುದಾಗಲಿ ಶತ್ರುವಿಗೆ ಮಾಡಿದ ಹಾನಿಯಲ್ಲ. ಆಸ್ಪತ್ರೆಯನ್ನೇ ಶತ್ರುವಿಗೆ ಹಾನಿ ಮಾಡುವ ಕೆಲಸಕ್ಕೆ ಬಳಸಿಕೊಂಡರೆ ಮಾತ್ರ ರಕ್ಷಣೆ ತಪ್ಪುತ್ತದೆ. ಆಗಲೂ ಮೊದಲು ಎಚ್ಚರಿಕೆ ಕೊಡಬೇಕು, ಸಮಯ ಕೊಡಬೇಕು. ಆದರೆ ಡ್ರಿಪ್ಪು ಕಿತ್ತುಕೊಂಡು ಓಡುವ ತಾಯಿಗೆ ಆ ವಿಧಿ ಕಾಣುವುದಿಲ್ಲ, ಕಾಣುವುದು ಬಂದೂಕು.

3. ಎಲ್ಲರೂ ಸಮಾನರು ಎಂದು ಎಲ್ಲರನ್ನೂ ಒಂದೇ ಕೋಣೆಗೆ ಹಾಕಬೇಡಿ

ಗಾಯವಾಗಿ ಬಿದ್ದವನು ಇನ್ನು ಯಾರ ಸೈನಿಕನೂ ಅಲ್ಲ, ಅವನು ರೋಗಿ. ಇದು ಜಿನೀವಾ ಒಪ್ಪಂದಗಳ ತಿರುಳು, 1859ರಲ್ಲಿ ಸೊಲ್ಫೆರಿನೊ ಯುದ್ಧದ ಗಾಯಾಳುಗಳನ್ನು ಕಂಡ ಆನ್ರಿ ಡ್ಯುನಾನ್ ಹೊತ್ತಿಸಿದ ಕಿಡಿ. ನಾನು ಇದನ್ನು ಉತ್ಸಾಹದಿಂದ ಜಾರಿಗೆ ತಂದೆ. ಯಾವ ಹಾಸಿಗೆ ಖಾಲಿಯಿದೆಯೋ ಅಲ್ಲಿಗೆ ಮುಂದಿನ ರೋಗಿ. ಸಮವಸ್ತ್ರ ಬಿಚ್ಚಿಸಿ ಆಸ್ಪತ್ರೆಯ ಬಟ್ಟೆ ಹಾಕಿಸಿದರೆ ಯಾರು ಯಾರೆಂದು ಗೊತ್ತಾಗುವುದಿಲ್ಲ ಎಂದೂ ನಂಬಿದ್ದೆ.

ಅಲ್ಲಿನ ಗಂಡಸರ ಹಣೆ ನೋಡುವಷ್ಟು ವ್ಯವಧಾನ ನನಗಿರಲಿಲ್ಲ. ನುಯೆರ್ ಗಂಡಸರ ಹಣೆಯ ಮೇಲೆ ಕಿವಿಯಿಂದ ಕಿವಿಗೆ ಆರು ಸಮಾನಾಂತರ ಗಾಯದ ಗೆರೆಗಳು, ಹುಡುಗ ಗಂಡಸಾದಾಗ ಕೊಯ್ಯುವಂಥವು. ಶಿಲ್ಲುಕ್ ಜನರಿಗೆ ಹುಬ್ಬಿನ ಮೇಲೆ ಮಣಿ ಪೋಣಿಸಿದಂತೆ ಚುಕ್ಕೆಗಳ ಸಾಲು. ಡಿಂಕಾ ಪಂಗಡಗಳಿಗೆ ತಮ್ಮ ತಮ್ಮ ಗೆರೆಗಳು. ಬಟ್ಟೆ ಬದಲಿಸಬಹುದು, ಹಣೆ ಬದಲಿಸಲಾಗದು. ಒಂದು ರಾತ್ರಿ ಪಕ್ಕಪಕ್ಕದ ಹಾಸಿಗೆಯ ಇಬ್ಬರು, ಒಬ್ಬನಿಗೆ ಕಾಲಿಲ್ಲ, ಇನ್ನೊಬ್ಬನ ಹೊಟ್ಟೆಗೆ ಹೊಲಿಗೆ, ಬೆಡ್‌ಪ್ಯಾನ್ ಎಸೆದಾಡಿಕೊಂಡರು. ನಡುವೆ ಹೋದ ನರ್ಸ್ ಹಣೆಗೂ ಒಂದು ಗಾಯವಾಯಿತು. ಆಕೆ ನನ್ನನ್ನು ನೋಡಿದ ನೋಟಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲೆ ಕಲಿತದ್ದಿಷ್ಟು. ಚಿಕಿತ್ಸೆಯ ಸರದಿಯಲ್ಲಿ ಭೇದ ಬೇಡ. ಯಾರ ಗಾಯ ದೊಡ್ಡದೋ ಅವರು ಮೊದಲು. ಆದರೆ ಹಾಸಿಗೆ ಎಲ್ಲಿ, ಪಕ್ಕದಲ್ಲಿ ಯಾರು, ಯಾವ ಬಾಗಿಲಿನಿಂದ ಸಂಬಂಧಿಕರು ಬರುತ್ತಾರೆ ಎಂಬುದನ್ನು ಹಿರಿಯ ನರ್ಸ್‌ಗಳು ನಿರ್ಧರಿಸಲಿ. 2014ರ ಫೆಬ್ರುವರಿಯಲ್ಲಿ ಮಲಾಕಾಲ್‌ನ ಆಸ್ಪತ್ರೆಯಲ್ಲಿ ರೋಗಿಗಳನ್ನು ಹಾಸಿಗೆಯಲ್ಲೇ ಗುಂಡಿಟ್ಟು ಕೊಂದಿದ್ದರು. ಆ ಸುದ್ದಿ ಗೊತ್ತಿದ್ದ ಜನಕ್ಕೆ ಹಾಸಿಗೆ ಎಲ್ಲಿದೆ ಎಂಬುದು ಚಿಕ್ಕ ಸಂಗತಿಯಾಗಿರಲಿಲ್ಲ.

4. ರೇಡಿಯೊ ಕೇಳುವ ಮೊದಲು ಕಾವಲುಗಾರನ ಮಾತು ಕೇಳಿ

ಸಂಜೆ ರೇಡಿಯೊದಲ್ಲಿ ರಾಜಧಾನಿಯಿಂದ ಸುರಕ್ಷತೆಯ ವರದಿ ಬರುತ್ತಿತ್ತು. ನಾನು ಅದನ್ನು ಪುಸ್ತಕದಲ್ಲಿ ನೀಟಾಗಿ ಬರೆದಿಟ್ಟುಕೊಳ್ಳುತ್ತಿದ್ದೆ. ಗೇಟಿನ ಮುದುಕ ಕಾವಲುಗಾರರು ಒಂದು ಬೆಳಿಗ್ಗೆ, "ಇವತ್ತು ಹಾಲು ಮಾರುವ ಹೆಂಗಸರು ಬಂದಿಲ್ಲ, ದನಗಳೆಲ್ಲ ರಾತ್ರಿಯೇ ನದಿ ಕಡೆ ಹೋಗಿವೆ," ಅಂದರು. ನಾನು ಹಾಲಿನ ಪುಡಿ ಇದೆಯಲ್ಲ ಅಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ ಸುಮ್ಮನಾದರು. ಸಂಜೆಯ ರೇಡಿಯೊ "ಪರಿಸ್ಥಿತಿ ಶಾಂತ" ಎಂದಿತು. ನಸುಕಿಗೆ ಊರಿನ ಮೇಲೆ ದಾಳಿಯಾಯಿತು. ದನ ಕಾಯುವವರಿಗೆ ತಿಳಿದದ್ದು ರಾಜಧಾನಿಗೆ ತಿಳಿಯಲು ಒಂದು ದಿನ ಬೇಕಾಗಿತ್ತು.

ಇನ್ನೊಂದು ಪಾಠ ಹೇಳಲು ಕಷ್ಟ. ದಾಳಿಯಾದಾಗ ಸಣ್ಣ ವಿಮಾನ ಬಂದು ವಿದೇಶಿಯರಾದ ನಮ್ಮನ್ನು ಎತ್ತಿಕೊಂಡು ಹೋಯಿತು. ಸ್ಥಳೀಯ ನರ್ಸ್‌ಗಳು, ಅಡುಗೆಯವರು, ಕಸ ಗುಡಿಸುವವರು ಉಳಿದರು. ನಾನು ಬರೆದಿದ್ದ ದಪ್ಪ ಸುರಕ್ಷತಾ ಯೋಜನೆಯಲ್ಲಿ ಅವರಿಗೆ ಮೀಸಲಾದದ್ದು ಅರ್ಧ ಪುಟ. 2014ರಲ್ಲಿ ಲೇರ್ ಎಂಬ ಊರಿನ ಆಸ್ಪತ್ರೆ ಲೂಟಿಯಾದಾಗ ಅಲ್ಲಿನ ಸ್ಥಳೀಯ ಸಿಬ್ಬಂದಿ ತೀವ್ರ ರೋಗಿಗಳನ್ನು ಕರೆದುಕೊಂಡು ಪೊದೆಗಾಡಿಗೆ ಓಡಿ, ಕೈಯಲ್ಲಿದ್ದ ಔಷಧ ಮುಗಿಯುವವರೆಗೂ ಚಿಕಿತ್ಸೆ ಕೊಟ್ಟಿದ್ದರು. ಅವರಿಂದ ಕಲಿತು ನಾವೂ ಬೆನ್ನಚೀಲಗಳನ್ನು ತಯಾರಿಸಿದೆವು: ಮಲೇರಿಯಾ ಮಾತ್ರೆ, ಆ್ಯಂಟಿಬಯಾಟಿಕ್, ಬ್ಯಾಂಡೇಜು, ಓಆರ್‌ಎಸ್, ನೀರು ಶುದ್ಧಿ ಮಾಡುವ ಗುಳಿಗೆ. ಚೀಲದಲ್ಲಿ ಏನಿರಬೇಕು ಎಂಬ ಪಟ್ಟಿ ಬರೆದವರು ಅವರೇ. ನಾನು ಚೀಲ ಹೊಲಿಸಿದೆ, ಅಷ್ಟೇ.

5. ಬಾಂಬಿಗಿಂತ ಮೊದಲು ಡೀಸೆಲ್ ಮುಗಿಯುತ್ತದೆ

ಯುದ್ಧದ ಆಸ್ಪತ್ರೆ ಅಂದರೆ ಬಾಂಬು ಬೀಳುವ ಚಿತ್ರವೇ ಕಣ್ಣಿಗೆ ಬರುತ್ತದೆ. ನಾನು ಕಂಡಂತೆ ಆಸ್ಪತ್ರೆ ಹೆಚ್ಚಾಗಿ ನಿಲ್ಲುವುದು ಜನರೇಟರ್ ನಿಂತಾಗ. ಆಕ್ಸಿಜನ್ ಕಾನ್ಸಂಟ್ರೇಟರ್, ಲಸಿಕೆಯ ಫ್ರಿಜ್, ನೀರೆತ್ತುವ ಪಂಪು, ಆಪರೇಷನ್ ದೀಪ ಎಲ್ಲಕ್ಕೂ ಅದೇ ಡೀಸೆಲ್. ಅಲ್ಲಿ ಮಳೆಗಾಲದಲ್ಲಿ ಲಾರಿ ಬರುವುದಿಲ್ಲ, ನೆಲವೆಲ್ಲ ಎರೆಮಣ್ಣು. ರೋಣದವನಿಗೆ ಎರೆಮಣ್ಣು ಗೊತ್ತಿರಬೇಕಲ್ಲವೇ? ಅಲ್ಲೂ ಬೆಳೆಯುವುದು ಜೋಳವೇ. ಆದರೂ ವಾರ್ಡಿನ ಗೋಡೆಗೆ ರಕ್ಷಣೆಯಾಗಿ ಚೀಲ ಪೇರಿಸುವಾಗ ನದಿಯ ಮರಳು ತರಿಸುವ ಖರ್ಚು ಉಳಿಸಲು ಅಂಗಳದ ಮಣ್ಣನ್ನೇ ತುಂಬಿಸಿದೆ. ಮೊದಲ ಮಳೆಗೆ ಚೀಲಗಳು ಉಬ್ಬಿದವು, ಬಿಸಿಲಿಗೆ ಬಿರಿದವು, ಗೋಡೆ ವಾಲಿತು. ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಎರಿ ಹೊಲದಾಗ ಹುಟ್ಟಿ ಅಷ್ಟೂ ತಿಳೀಲಿಲ್ಲೇನೋ?" ಅಂದಳು.

ಇನ್ನೊಂದು ತಪ್ಪು ಇಷ್ಟು ನಗೆಯದಲ್ಲ. ಲೆಕ್ಕಕ್ಕೆ ಸುಲಭ ಎಂದು ಇಡೀ ಮಳೆಗಾಲದ ಔಷಧವನ್ನು ಒಂದೇ ಗೋದಾಮಿನಲ್ಲಿಟ್ಟೆ. ದಾಳಿಯ ದಿನ ಲೂಟಿಯಾದದ್ದು ಒಂದೇ ಬಾಗಿಲು, ಖಾಲಿಯಾದದ್ದು ಎಲ್ಲ. ಆಮೇಲೆ ಸರಕನ್ನು ಹಂಚಿ ಇಡತೊಡಗಿದೆವು. ವಾರ್ಡಿನಲ್ಲಿ ಸ್ವಲ್ಪ, ನದಿಯಾಚೆ ಸ್ವಲ್ಪ. ಲೆಕ್ಕ ಬರೆಯುವುದು ತಲೆನೋವಾಯಿತು, ಆದರೆ ಔಷಧ ಉಳಿಯಿತು. ಕಿಟಕಿಯ ಗಾಜಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹಾಸಿಗೆಗಳನ್ನು ಕಿಟಕಿಯಿಂದ ದೂರ ಸರಿಸಿದ್ದೂ ಆಗಲೇ. ಹೊರಗೆ ಸ್ಫೋಟವಾದರೆ ಒಳಗಿದ್ದವರನ್ನು ಕೊಯ್ಯುವುದು ಬಹಳ ಸಲ ಗಾಜಿನ ಚೂರು. 2025ರ ಮೇ 3ರಂದು ಓಲ್ಡ್ ಫಂಗಾಕ್‌ನ ಆಸ್ಪತ್ರೆಯ ಮೇಲೆ ಬಾಂಬು ಬಿದ್ದು ಔಷಧಾಲಯವೇ ಸುಟ್ಟುಹೋಯಿತೆಂಬ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಒಂದು ಬಾಗಿಲು.

6. ಚೆಕ್‌ಪೋಸ್ಟಿನಲ್ಲಿ ಕಾನೂನು ಓದಬೇಡಿ, ಕೂತು ಮಾತಾಡಿ

ರಸ್ತೆಗೆ ಅಡ್ಡ ಹಗ್ಗ ಕಟ್ಟಿ, ಹೆಗಲಿಗೆ ಕಲಾಶ್ನಿಕೋವ್ ಹಾಕಿಕೊಂಡ ಹುಡುಗನಿಗೆ ನಾನು ಒಮ್ಮೆ ಜಿನೀವಾ ಒಪ್ಪಂದದ ವಿಧಿಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹಿಂದಿನ ಸೀಟಿನಲ್ಲಿ ಹೆರಿಗೆ ನೋವಿನ ಹೆಂಗಸು. ಅವನಿಗೆ ನನ್ನ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ನಾನು ಅವನನ್ನು ಗದರಿಸುತ್ತಿದ್ದೇನೆ ಎಂದು. ಗಾಡಿಯ ಕೀಲಿ ಕಿತ್ತುಕೊಂಡ. ನಮ್ಮ ಡ್ರೈವರ್ ಇಳಿದು, ಅವನ ಪಕ್ಕ ಮರದ ನೆರಳಿಗೆ ಕೂತು, ಯಾವ ಊರು, ಯಾರ ಮಗ ಎಂದು ಶುರುಮಾಡಿದ. ಹುಡುಗನ ಅತ್ತೆ ನಮ್ಮಲ್ಲೇ ಹೆತ್ತಿದ್ದಳು. ಕೀಲಿ ವಾಪಸು ಬಂತು.

ಕಾನೂನು ಬೇಡವೆಂದಲ್ಲ. ಅದನ್ನು ಹೇಳುವ ಜಾಗ ಬೇರೆ. ಹುಡುಗನ ಮೇಲಿನವನ ಮೇಲಿನವನ ಬಳಿ, ಮೊದಲೇ, ಶಾಂತವಾಗಿ. ಅವರ ಸಹಿಯ ಕಾಗದವಿದ್ದರೆ ಹುಡುಗನಿಗೂ ಬಿಡಲು ಒಂದು ನೆಪ ಸಿಗುತ್ತದೆ, ಮುಖ ಉಳಿಯುತ್ತದೆ.

ದುಡ್ಡು ಮಾತ್ರ ಕೊಡಬೇಡಿ. ಒಂದು ಸಂಜೆ ತಡವಾಗುತ್ತಿದೆ ಎಂದು ನೋಟು ಕೊಟ್ಟು ದಾಟಿದೆ. ಮರುದಿನದಿಂದ ಅದು ಆ ಹಗ್ಗದ ದರವಾಯಿತು. ನಮ್ಮ ಗಾಡಿಗಷ್ಟೇ ಅಲ್ಲ, ತಲೆಯ ಮೇಲೆ ಜೋಳದ ಚೀಲ ಹೊತ್ತು ಬರುವ ಹೆಂಗಸರಿಗೂ.

7. ಎರಡೂ ಕಡೆಯವರು ಬೈದರೆ ಹಿಗ್ಗಬೇಡಿ

ಕೊರಿಯಾ ಯುದ್ಧ ನಿಂತ ಮೇಲೆ, ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಭವಿಷ್ಯ ನೋಡಿಕೊಳ್ಳಲು 1953ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗವೊಂದು ಆಯಿತು. ಅದರ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಎರಡೂ ಬಣಗಳಿಂದ ಅವರಿಗೆ ದೂರುಗಳ ಸುರಿಮಳೆ. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ, 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಶಾಲೆಯ ದಿನಗಳಿಂದ ನನಗೆ ಅವರ ಹೆಸರೆಂದರೆ ಹೆಮ್ಮೆ. ಹಾಗಾಗಿ ನಮ್ಮ ಮೇಲೂ ಎರಡೂ ಕಡೆಯಿಂದ ದೂರು ಬಂದಾಗ ಒಳಗೊಳಗೇ ಖುಷಿಪಟ್ಟೆ. ಇಬ್ಬರೂ ಬೈಯುತ್ತಿದ್ದಾರೆಂದರೆ ನಾವು ಸರಿಯಾದ ನಡುವೆಯೇ ಇದ್ದೇವೆ ಎಂದು ಸಭೆಯಲ್ಲಿ ಹೇಳಿಯೂ ಬಿಟ್ಟೆ.

ನಮ್ಮ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಸ್ಥಳೀಯ ಹುಡುಗಿ ಮಾತಾಡದೆ ಗಾಡಿಗಳ ಲಾಗ್ ಪುಸ್ತಕ ತಂದು ಮುಂದಿಟ್ಟಳು. ಆಂಬುಲೆನ್ಸ್ ಹೋದದ್ದೆಲ್ಲ ನದಿಯ ಈ ದಂಡೆಗೆ. ಆ ದಂಡೆಗೆ ದೋಣಿ ಬೇಕು, ದೋಣಿಗೆ ಪೆಟ್ರೋಲು ಬೇಕು, ಅನುಮತಿ ಬೇಕು. ತಾಪತ್ರಯವೆಂದು ನಾವು ಮುಂದೂಡುತ್ತಲೇ ಬಂದಿದ್ದೆವು. ಆ ದಂಡೆಯವರು ನೀವು ಅವರ ಆಸ್ಪತ್ರೆ ಅಂದದ್ದು ಸುಳ್ಳಾಗಿರಲಿಲ್ಲ. ಈ ದಂಡೆಯವರ ದೂರು ಬೇರೆ: ಕೆಲಸಕ್ಕೆ ತೆಗೆದುಕೊಳ್ಳುವಾಗ ಇಂಗ್ಲಿಷ್ ಬಲ್ಲವರಿಗೇ ಮಣೆ, ಇಂಗ್ಲಿಷ್ ಬಲ್ಲವರೆಲ್ಲ ಒಂದೇ ಪಂಗಡದವರು. ಅದೂ ನಿಜ. ಬೈಗುಳ ಎರಡು ಕಡೆಯಿಂದ ಬಂತೆಂದು ಒಂದನ್ನೊಂದು ಕಳೆದು ಸೊನ್ನೆಯಾಗುವುದಿಲ್ಲ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕೂತು ಕೇಳಬೇಕು. ದೋಣಿ ಕೊಂಡ ಮೇಲೆ ಆ ದಂಡೆಯ ಕಮಾಂಡರ್ ನಮ್ಮ ಕಾಗದಗಳಿಗೆ ಉತ್ತರ ಬರೆಯತೊಡಗಿದರು.

8. ನಡೆದದ್ದನ್ನು ಅಂದೇ ಬರೆದಿಡಿ, ಕಂಡಷ್ಟನ್ನೇ ಬರೆಯಿರಿ

ದಾಳಿಯ ನಂತರ ಆ ಊರಿಗೆ ಮರಳಿದಾಗ ನಾನು ಮಾಡಿದ ಮೊದಲ ಕೆಲಸ ಸ್ವಚ್ಛತೆ. ಗುಂಡು ತೂತು ಮಾಡಿದ ತಗಡು ಬದಲಿಸಿದೆ, ಗೋಡೆಗೆ ಸುಣ್ಣ ಬಳಿಸಿದೆ, ಅಂಗಳದಲ್ಲಿ ಬಿದ್ದ ಲೋಹದ ಚೂರುಗಳನ್ನು ಗುಡಿಸಿ ಹಾಕಿಸಿದೆ. ಸ್ಟೋರ್ ಕೀಪರನ ಬುದ್ಧಿ. ಕೆಲವು ತಿಂಗಳ ನಂತರ ತನಿಖೆಯವರು ಬಂದು ಫೋಟೊ ಎಲ್ಲಿ, ಸಮಯ ಎಷ್ಟು, ಯಾವ ದಿಕ್ಕಿನಿಂದ ಬಂತು ಎಂದು ಕೇಳಿದರು. ನನ್ನಲ್ಲಿ ಇದ್ದದ್ದು ಸುಣ್ಣದ ಬಿಲ್ಲು. ಸತ್ತವರ ಸಂಖ್ಯೆಯನ್ನು ಪೇಟೆಯಲ್ಲಿ ಕೇಳಿದ್ದನ್ನೇ ಹೇಳಿದೆ. ಅದು ತಪ್ಪಾಗಿತ್ತು. ಒಂದು ತಪ್ಪು ಸಂಖ್ಯೆ ಸಿಕ್ಕರೆ ಸಾಕು, ದಾಳಿ ಮಾಡಿದವರು ಉಳಿದ ಸತ್ಯವನ್ನೂ ಅದರ ಜೊತೆ ಗುಡಿಸಿ ಹಾಕುತ್ತಾರೆ.

ಬರೆದಿಟ್ಟರೆ ದಾಳಿ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. 2016ರ ಏಪ್ರಿಲ್ 27ರಂದು ಸಿರಿಯಾದ ಅಲೆಪ್ಪೊದಲ್ಲಿ ಅಲ್ ಕುದ್ಸ್ ಆಸ್ಪತ್ರೆ ನೆಲಕ್ಕುರುಳಿ, ಆ ಭಾಗದಲ್ಲಿ ಉಳಿದಿದ್ದ ಕೆಲವೇ ಮಕ್ಕಳ ವೈದ್ಯರಲ್ಲಿ ಒಬ್ಬರು ಸತ್ತರು. ಒಂದೇ ವಾರದಲ್ಲಿ, ಮೇ 3ರಂದು, ಭದ್ರತಾ ಮಂಡಳಿ 2286ನೆಯ ನಿರ್ಣಯದಲ್ಲಿ ಆಸ್ಪತ್ರೆಗಳ ಮೇಲಿನ ದಾಳಿಯನ್ನು ಸರ್ವಾನುಮತದಿಂದ ಖಂಡಿಸಿತು. ಅದಾದ ಮೇಲೂ 2022ರ ಮಾರ್ಚ್ 9ರಂದು ಉಕ್ರೇನಿನ ಮರಿಯುಪೋಲ್‌ನ ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬು ಬಿತ್ತು. 2025ರ ಅಕ್ಟೋಬರಿನಲ್ಲಿ ಸೂಡಾನಿನ ಎಲ್ ಫಾಶರ್‌ನ ಹೆರಿಗೆ ಆಸ್ಪತ್ರೆಯಲ್ಲಿ 460ಕ್ಕೂ ಹೆಚ್ಚು ರೋಗಿಗಳು, ಜೊತೆಗಿದ್ದವರು ಕೊಲೆಯಾದರೆಂಬ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೊರಹಾಕಿತು. ನಿರ್ಣಯಕ್ಕೆ ಕೈ ಎತ್ತಿದವರ ವಿಮಾನಗಳೂ, ಅವರ ಮಿತ್ರರ ವಿಮಾನಗಳೂ ಆಸ್ಪತ್ರೆಗಳ ಮೇಲೆ ಬಾಂಬು ಹಾಕಿವೆ.

ಆದರೂ ಬರೆದಿಡಬೇಕು. ಬರೆದಿಡದಿದ್ದರೆ ಅದು ನಡೆದೇ ಇಲ್ಲ ಎನ್ನುವವರ ಮಾತು ಗೆಲ್ಲುತ್ತದೆ. ದಿನಾಂಕ, ಗಂಟೆ, ಫೋಟೊ, ಕಂಡವರು ಹೇಳಿದ್ದು ಬೇರೆ, ಕೇಳಿದವರು ಹೇಳಿದ್ದು ಬೇರೆ. ಗುಡಿಸುವುದು ಆಮೇಲೆ.

9. ಶಾಂತಿಯ ಸುದ್ದಿ ಕೇಳಿದ ಕೂಡಲೇ ಚೀಲ ಬಿಚ್ಚಬೇಡಿ. ಸಣ್ಣ ವಿರಾಮವನ್ನು ಸಣ್ಣದೆನ್ನಬೇಡಿ

2015ರ ಆಗಸ್ಟಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿಯಾಯಿತೆಂಬ ಸುದ್ದಿ ರೇಡಿಯೊದಲ್ಲಿ ಬಂತು. ನಾನು ಖುಷಿಯಿಂದ ಗೋಡೆಯ ರಕ್ಷಣೆಗೆ ಪೇರಿಸಿದ್ದ ಚೀಲಗಳನ್ನು ತೆಗೆಸಿ ಅಂಗಳ ಅಗಲ ಮಾಡಿದೆ. ಕಾವಲುಗಾರರು ಖಾಲಿ ಚೀಲಗಳನ್ನು ಮಡಚಿ ಹುಷಾರಾಗಿ ಒಂದು ಮೂಲೆಯಲ್ಲಿಟ್ಟರು. 2016ರ ಜುಲೈನಲ್ಲಿ ರಾಜಧಾನಿ ಜೂಬಾದಲ್ಲೇ ಮತ್ತೆ ಗುಂಡು ಹಾರಿತು. ಚೀಲಗಳು ಮತ್ತೆ ತುಂಬಿದವು. ಇನ್ನೊಂದು ಒಪ್ಪಂದಕ್ಕೆ 2018ರ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು. ಅದೂ ಎಷ್ಟು ತೆಳು ಎಂದು ಓಲ್ಡ್ ಫಂಗಾಕ್ ತೋರಿಸಿತು.

ಇಷ್ಟಾದ ಮೇಲೆ ನಾನು ಸಿನಿಕನಾದೆ. ಶಾಂತಿ ಅಂದರೆ ನಗುತ್ತಿದ್ದೆ. ಅದು ಎರಡನೆಯ ತಪ್ಪು. ಅದನ್ನು ತಿದ್ದಿದ್ದು ಅದೇ ನೆಲದ ಚರಿತ್ರೆ. 1995ರಲ್ಲಿ ಸೂಡಾನಿನ ಅಂತರ್ಯುದ್ಧದ ನಡುವೆ ಜಿಮ್ಮಿ ಕಾರ್ಟರ್ ಎರಡೂ ಕಡೆಯವರನ್ನು ಒಪ್ಪಿಸಿ ಕದನವಿರಾಮ ತಂದರು, ನಾರುಹುಣ್ಣಿನ ವಿರುದ್ಧ ಕೆಲಸ ಮಾಡಲು. ಕುಡಿಯುವ ನೀರಿನಿಂದ ಬರುವ ಆ ಹುಳವನ್ನು ನಮ್ಮ ಹಿರಿಯರೂ ಬಾವಿಗಳಿಂದ ಬಲ್ಲರು. ಎರಡು ತಿಂಗಳಿಗೆಂದು ಶುರುವಾದದ್ದು ಹತ್ತಿರ ಹತ್ತಿರ ಆರು ತಿಂಗಳು ನಡೆಯಿತು. ಅದಕ್ಕೂ ಹತ್ತು ವರ್ಷ ಮೊದಲು, 1985ರಲ್ಲಿ, ಎಲ್ ಸಾಲ್ವಡಾರ್‌ನಲ್ಲಿ ಮಕ್ಕಳಿಗೆ ಲಸಿಕೆ ಹಾಕಲೆಂದು ವರ್ಷಕ್ಕೆ ಮೂರು ದಿನ ಬಂದೂಕು ಇಳಿಸಲು ಸರ್ಕಾರವೂ ಬಂಡುಕೋರರೂ ಒಪ್ಪಿದ್ದರು. 2024ರ ಸೆಪ್ಟೆಂಬರಿನಲ್ಲಿ ಗಾಜಾದಲ್ಲಿ ಪೋಲಿಯೊ ಹನಿ ಹಾಕಲು ಪ್ರದೇಶವಾರು ವಿರಾಮ ಸಿಕ್ಕಿತು. ಮೊದಲ ಸುತ್ತಿನಲ್ಲೇ ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹನಿ ತಲುಪಿತು. ಯುದ್ಧ ನಿಲ್ಲಲಿಲ್ಲ ಎಂಬುದು ನಿಜ. ನಿಲ್ಲಿಸಲು ಬರುತ್ತದೆ, ಮನಸ್ಸಿಲ್ಲ ಅಷ್ಟೇ ಎಂಬುದೂ ಆ ದಿನಗಳಲ್ಲಿ ಎಲ್ಲರಿಗೂ ಕಂಡಿತು.

ವುನ್ಲಿಟ್ ಬಗ್ಗೆ ನಮ್ಮ ಹಿರಿಯ ನರ್ಸ್ ಹೇಳುತ್ತಿದ್ದರು. 1999ರಲ್ಲಿ ಡಿಂಕಾ ಮತ್ತು ನುಯೆರ್ ಮುಖಂಡರು ಚರ್ಚುಗಳ ಮಧ್ಯಸ್ಥಿಕೆಯಲ್ಲಿ ಆ ಹಳ್ಳಿಯಲ್ಲಿ ಸೇರಿದರು. ಬಿಳಿ ಎತ್ತನ್ನು ಬಲಿ ಕೊಟ್ಟು, ಒಬ್ಬೊಬ್ಬರಾಗಿ ಎದ್ದು ತಮಗಾದ ಅನ್ಯಾಯವನ್ನು ಎದುರಾಳಿಯ ಮುಂದೆ ಹೇಳಿದರು. ಎದುರಾಳಿ ಕೂತು ಕೇಳಬೇಕು. ಆಮೇಲೆ ಮಾತು ಬಂದದ್ದು ಹುಲ್ಲುಗಾವಲು, ನೀರು, ಹೊತ್ತೊಯ್ದ ಹೆಂಗಸರು ಮಕ್ಕಳ ವಾಪಸಾತಿ. ದೊಡ್ಡ ನಾಯಕರ ಒಪ್ಪಂದಗಳಲ್ಲಿ ಮಂತ್ರಿಗಿರಿ ಎಷ್ಟೆಂದು ಹಂಚುತ್ತಾರೆ, ಇಲ್ಲಿ ದನ ಎಲ್ಲಿ ಮೇಯಬೇಕೆಂದು ಹಂಚಿದರು. ನಮ್ಮ ಗೇಟಿಗೆ ಗಾಯಾಳುಗಳು ಕಡಿಮೆಯಾಗುತ್ತಿದ್ದದ್ದು ಎರಡನೆಯ ಬಗೆಯ ಮಾತುಕತೆಯಾದಾಗಲೇ.

10. ಕೆಲಸ ಊರಿನಲ್ಲೂ ಇದೆ, ಅದು ನಿಮ್ಮ ಕಾರಿನ ಗಾಜಿನ ಮೇಲಿದೆ

ರಜೆಗೆ ಹುಬ್ಬಳ್ಳಿಗೆ ಬಂದಾಗ ಚಿಕ್ಕಪ್ಪನ ಮಗ ಸ್ಟೇಷನ್ನಿಗೆ ಕಾರು ತಂದಿದ್ದ. ಅವನು ದಂತವೈದ್ಯ. ಮುಂದಿನ ಗಾಜಿನ ಮೇಲೆ ಬಿಳಿ ಹಿನ್ನೆಲೆಯ ಕೆಂಪು ಪ್ಲಸ್. "ಇದ್ಯಾಕೋ?" ಅಂದೆ. "ಅಣ್ಣಾ, ಇದಿದ್ರ ಟೋಲಿನ್ಯಾಗ, ಪಾರ್ಕಿಂಗಿನ್ಯಾಗ ಯಾರೂ ಕಿರಿಕಿರಿ ಮಾಡಂಗಿಲ್ಲ," ಅಂದ. ಮೊದಲು ನಕ್ಕೆ. ಹುಬ್ಬಳ್ಳಿಯಲ್ಲಿದ್ದಾಗ ನನ್ನ ಬೈಕಿನ ಮೇಲೂ ಅದೇ ಸ್ಟಿಕ್ಕರ್ ಇತ್ತು ಎಂದು ಆಮೇಲೆ ನೆನಪಾಯಿತು. ಸ್ಟೋರ್ ಕೀಪರನ ಬೈಕಿನ ಮೇಲೆ!

ಆ ಗುರುತು ವೈದ್ಯರ ಗುರುತಲ್ಲ. ಅದು ಯುದ್ಧದಲ್ಲಿ ಸೈನ್ಯದ ವೈದ್ಯಕೀಯ ಸೇವೆಗೂ ರೆಡ್ ಕ್ರಾಸ್ ಸಂಸ್ಥೆಗಳಿಗೂ ಕೊಟ್ಟ ರಕ್ಷಣೆಯ ಗುರುತು. ನಮ್ಮ ದೇಶದಲ್ಲೂ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ಕ್ಲಿನಿಕ್ಕಿನ ಬೋರ್ಡು, ಮೆಡಿಕಲ್ ಶಾಪು, ಖಾಸಗಿ ಆಂಬುಲೆನ್ಸು, ಮನೆಯ ಫಸ್ಟ್ ಏಡ್ ಡಬ್ಬಿ, ಯಾವುದಕ್ಕೂ ಇಲ್ಲ. ಟೋಲು ದಾಟಲು ಬಳಸಿದ ಗುರುತಿಗೆ ಗಡಿಯಲ್ಲಿ ಬೆಲೆ ಉಳಿಯುವುದು ಹೇಗೆ? ಆ ಗುರುತು ಕಂಡರೆ ಗುಂಡು ಹಾರಿಸಬಾರದು ಎಂದು ನಂಬುವ ಸೈನಿಕನೂ ಯಾವುದೋ ಊರಿನ ಬೀದಿಯಲ್ಲಿ ಅದನ್ನು ನೋಡುತ್ತಲೇ ಬೆಳೆದವನು.

ಯುದ್ಧ ನಮ್ಮಿಂದ ದೂರ ಎಂದು ಹೇಳುವಂತೆಯೂ ಇಲ್ಲ. 2022ರ ಮಾರ್ಚಿನಲ್ಲಿ ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಬಂದ ನಮ್ಮ ರಾಜ್ಯದ ವೈದ್ಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದಾಗ ಆ ದೂರ ಎಷ್ಟೆಂದು ಎಲ್ಲರಿಗೂ ಗೊತ್ತಾಯಿತು.

ಸ್ಟಿಕ್ಕರ್ ವಿಷಯಕ್ಕೆ ತಮ್ಮ ಒಂದು ವಾರ ವಾದ ಮಾಡಿದ, ಕೊನೆಗೆ ತೆಗೆಯಲು ಒಪ್ಪಿದ. ಈಗ ಅವನ ಗಾ‌ಜಿನ ಮೇಲೆ ಹಲ್ಲಿನ ಚಿತ್ರವಿದೆ. ಟೋಲಿನವರು ನಿಲ್ಲಿಸುತ್ತಾರಂತೆ, ಎಲ್ಲರಂತೆ ದುಡ್ಡು ಕೊಡುತ್ತಾನೆ. ನಿಮ್ಮ ಗಾಡಿಯ ಮೇಲೂ ಅದಿದ್ದರೆ ಬಿಸಿನೀರು ಹಾಕಿ ಹತ್ತು ನಿಮಿಷ ಬಿಡಿ, ಮೂಲೆಯಿಂದ ನಿಧಾನ ಎಳೆಯಿರಿ. ಉಳಿದ ಅಂಟಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು.